ಹಣೆಯ ಮೇಲೆ ಬರೆಯದ ಸಮಯ

ಅವನು ಡಾಕ್ಟರಲ್ಲ. ಸೈನ್ಯದಲ್ಲಿ ಹದಿನೇಳು ವರ್ಷ ಗಾಯಾಳುಗಳಿಗೆ ಮೊದಲ ಪಟ್ಟಿ ಕಟ್ಟಿದ ಸಹಾಯಕ. ಆದರೂ ಸಿಪಾಯಿಗಳ ಬಾಯಲ್ಲಿ ಅವನು ಡಾಕ್ಟ್ರಣ್ಣ. ಕೋಪ ಮೂಗಿನ ತುದಿಯಲ್ಲಿ, ಕೈ ಮಾತ್ರ ಹಗುರ.

ರಕ್ತ ನಿಲ್ಲಲೆಂದು ಕಾಲಿಗೆ ಪಟ್ಟಿ ಬಿಗಿದ ಕೂಡಲೇ ಅವನು ಮಾರ್ಕರ್ ಪೆನ್ನಿನಿಂದ ಗಾಯಾಳುವಿನ ಹಣೆಯ ಮೇಲೆ ಸಮಯ ಬರೆಯುತ್ತಿದ್ದ. ಎರಡು ಗಂಟೆ ದಾಟಿತೆಂದರೆ ಬಿಗಿದ ಕಾಲು ಸಾಯತೊಡಗುತ್ತದೆ. ಆಸ್ಪತ್ರೆಯವರ ಕಣ್ಣಿಗೆ ಮೊದಲು ಬೀಳಬೇಕಾದದ್ದು ಆ ಸಮಯವೇ.

ಆಮೇಲೆ ಗಾಯಾಳುಗಳ ವಿವರ ತುಂಬಲು ಅಂಗೈಯಗಲದ ಟ್ಯಾಬ್ ಬಂತು. ಜೊತೆಗೇ ತಪಾಸಣೆಗೆ ಒಬ್ಬ ಅಧಿಕಾರಿ ಬಂದ, ಜನ್ಮದಲ್ಲಿ ರಕ್ತ ಮುಟ್ಟದ ಮಹಾನುಭಾವ.

"ಇದೇನ್ರೀ, ಕುರಿಗೆ ಗುರುತು ಹಾಕ್ದಂಗೆ? ಇನ್ಮೇಲೆ ಎಲ್ಲಾ ಟ್ಯಾಬಲ್ಲೇ. ಮತ್ತೆ ಗೀಚಿದ್ರೆ ಬಡ್ತಿ ಮರೆತುಬಿಡಿ."

ಆ ಟ್ಯಾಬಿಗೊಂದು ರೋಗವಿತ್ತು. ಸಿಗ್ನಲ್ ಇಲ್ಲದ ಕಡೆ ತುಂಬಿದ್ದನ್ನೆಲ್ಲ ಹೊಟ್ಟೆಯಲ್ಲಿಟ್ಟುಕೊಂಡು, ಸಿಗ್ನಲ್ ಸಿಕ್ಕ ಗಳಿಗೆಯನ್ನೇ ಚಿಕಿತ್ಸೆಯ ಸಮಯವೆಂದು ತೋರಿಸುತ್ತಿತ್ತು. ಡಾಕ್ಟ್ರಣ್ಣ ಎರಡು ಸಲ ಬರೆದು ತಿಳಿಸಿದ. ಪರಿಶೀಲನೆಯಲ್ಲಿದೆ ಎಂದು ಎರಡು ಸಲವೂ ಉತ್ತರ ಬಂತು. ಪರಿಶೀಲನೆಯಂತೆ, ಯಾರ ತಲೆ ಹೋಗುವ ತನಕವೋ!

ಗುಡ್ಡದ ಹಿಂದೆ ಸೈನ್ಯದ ಲಾರಿ ಡ್ರೈವರನ ತೊಡೆಗೆ ಬಾಂಬಿನ ಚೂರು ಹೊಕ್ಕಾಗ ಬೆಳಗಿನ ಒಂಬತ್ತೂಕಾಲು. ಡಾಕ್ಟ್ರಣ್ಣ ಪಟ್ಟಿ ಬಿಗಿದ, ಟ್ಯಾಬ್ ತುಂಬಿದ, ಪೆನ್ನು ತೆಗೆದು ಮುಚ್ಚಳ ಬಿಚ್ಚಿದ. ಒಂದು ಕ್ಷಣ ಹಾಗೇ ನಿಂತ. ಮತ್ತೆ ಮುಚ್ಚಳ ಹಾಕಿ ಜೇಬಿಗಿಟ್ಟ. ಆಂಬುಲೆನ್ಸಿನವನಿಗೆ ಬಾಯಲ್ಲಿ ಹೇಳಹೋದರೆ ಅವನು, "ಟ್ಯಾಬಲ್ಲಿದೆ ತಾನೇ?" ಎಂದು ಟ್ಯಾಬ್ ತೆಗೆದುಕೊಂಡು ಗಾಡಿ ಬಿಟ್ಟ.

ಸಿಗ್ನಲ್ ಸಿಕ್ಕಿದ್ದು ಹೆದ್ದಾರಿಯಲ್ಲಿ, ಹನ್ನೊಂದಕ್ಕೆ. ಹನ್ನೊಂದೂಕಾಲಿಗೆ ಟ್ಯಾಬ್ ನೋಡಿದ ಸರ್ಜನ್, ಪಟ್ಟಿ ಬಿಗಿದು ಕಾಲು ಗಂಟೆಯಾಗಿದೆ ಅಷ್ಟೇ ಎಂದುಕೊಂಡು ಬೇರೆ ಇಬ್ಬರನ್ನು ಮೊದಲು ಒಳಗೆ ಕರೆಸಿದರು. ಡ್ರೈವರನ ಸರದಿ ಬರುವಷ್ಟರಲ್ಲಿ ಕಾಲು ಕತ್ತರಿಸದೆ ಬೇರೆ ದಾರಿ ಇರಲಿಲ್ಲ.

ಮುಂದಿನ ವಾರ ಡಾಕ್ಟ್ರಣ್ಣನ ತುಕಡಿಗೆ ಪ್ರಶಂಸಾಪತ್ರ ಬಂತು. ಟ್ಯಾಬಿನಲ್ಲಿ ಒಂದು ಖಾನೆಯನ್ನೂ ಖಾಲಿ ಬಿಟ್ಟಿಲ್ಲವಂತೆ. ಅವನ ಮೈಯೆಲ್ಲ ಉರಿದುಹೋಯಿತು. ಪತ್ರವನ್ನು ಅಧಿಕಾರಿಯ ಮೇಜಿನ ಮೇಲೇ ಬಿಟ್ಟು ನೆಟ್ಟಗೆ ಆಸ್ಪತ್ರೆಗೆ ಹೋದ.

"ಹೋಗ್ಲಿ ಬಿಡಿ ಅಣ್ಣ," ಡ್ರೈವರನೇ ಸಮಾಧಾನ ಹೇಳಿದ. "ಯಾರ ತಪ್ಪೂ ಅಲ್ಲ. ಮಿಷನ್ ಕೈಕೊಡ್ತು ಅಂದ್ರು."

"ಬಿಡ್ಬೇಡ," ಡಾಕ್ಟ್ರಣ್ಣನ ದನಿಗೆ ಪಕ್ಕದ ಮಂಚದವರು ತಿರುಗಿ ನೋಡಿದರು. "ಮಿಷನ್ನಿಗೇನು ಗೊತ್ತು? ಅದು ತಪ್ಪು ಟೈಮ್ ತೋರ್ಸತ್ತೆ ಅಂತ ನನಗ್ ಗೊತ್ತಿತ್ತು. ಬಡ್ತಿ ಹೋಗತ್ತೆ ಅಂತ ಹೆದರ್ಕೊಂಡು ನಿನ್ ಹಣೆ ಮೇಲೆ ಬರೀಲಿಲ್ಲ. ಬರೀಬೇಡ ಅಂದವರನ್ನೂ ಬೈ, ನನ್ನನ್ನೂ ಬೈ."

ಡ್ರೈವರ್ ಕಾಲಿರಬೇಕಾದ ಜಾಗದಲ್ಲಿ ಚಪ್ಪಟೆಯಾಗಿದ್ದ ಹೊದಿಕೆಯನ್ನೇ ನೋಡುತ್ತಿದ್ದ.

"ನನ್ ಹೆಂಡ್ತಿ ನಾಲ್ಕಕ್ಕೆ ಬರ್ತಾಳೆ," ಎಂದ ಕೊನೆಗೆ. "ಈ ಮಾತು ಅವಳಿಗೂ ನೀವೇ ಹೇಳಿ."

ಆಗಿನ್ನೂ ಮಧ್ಯಾಹ್ನದ ಒಂದು ಗಂಟೆ. ಡಾಕ್ಟ್ರಣ್ಣ ಸ್ಟೂಲು ಎಳೆದುಕೊಂಡು ಕೂತ.