ಮೂರು ಕರಿ ಚೌಕಗಳು

ನನಗೆ ಐವತ್ತಮೂರು ತುಂಬಿತು. ಬೇರೆಯವರ ಮನೆಯಲ್ಲಿ ಇದು ಹೇಳಿಕೊಳ್ಳುವಂಥ ಸುದ್ದಿಯಲ್ಲ. ನಮ್ಮ ಮನೆಯಲ್ಲಿ ಮಾತ್ರ ದೊಡ್ಡ ಸುದ್ದಿ. ನಮ್ಮ ಮನೆತನದ ಗಂಡಸರು ಐವತ್ತೆರಡು ದಾಟುವುದಿಲ್ಲ ಎಂಬ ಮಾತನ್ನು ಚಿಕ್ಕಂದಿನಿಂದ ಕೇಳುತ್ತ ಬೆಳೆದವನು ನಾನು. ಅಜ್ಜ ಐವತ್ತೆರಡಕ್ಕೆ ಹೋದರು, ದೊಡ್ಡಪ್ಪ ಐವತ್ತೊಂದಕ್ಕೆ, ಅಪ್ಪ ಮತ್ತೆ ಐವತ್ತೆರಡಕ್ಕೆ. ಮೂವರಿಗೂ ಎದೆನೋವು, ಮೂವರೂ ದವಾಖಾನೆ ಮುಟ್ಟುವ ಮೊದಲೇ ಮುಗಿದವರು. ನಡುಮನೆಯ ಗೋಡೆಯ ಮೇಲೆ ಅವರ ಫೋಟೋಗಳು ಒಂದೇ ಸಾಲಿನಲ್ಲಿವೆ. ಪಕ್ಕದಲ್ಲಿ ಇನ್ನೊಂದು ಫೋಟೋಕ್ಕೆ ಆಗುವಷ್ಟು ಜಾಗ ಖಾಲಿ ಇತ್ತು. ಐವತ್ತು ತುಂಬಿದ ವರ್ಷ ನಾನು ಅಲ್ಲೊಂದು ದೊಡ್ಡ ಕ್ಯಾಲೆಂಡರ್ ತೂಗುಹಾಕಿದೆ.

ಅಜ್ಜ ಬೀದರ ಕಡೆಯಿಂದ ಹೈದರಾಬಾದಿಗೆ ಬಂದು ಬೇಗಂ ಬಜಾರಿನಲ್ಲಿ ಶೇಂಗಾ ಎಣ್ಣೆಯ ಅಂಗಡಿ ಹಾಕಿದವರು. ಅವರ ನಂತರ ಅದೇ ಗಾದಿಯ ಮೇಲೆ ದೊಡ್ಡಪ್ಪ ಮತ್ತು ಅಪ್ಪ ಕೂತರು. ಅಪ್ಪ ಹೋದ ಮೇಲೆ ಅಂಗಡಿ ಮುಚ್ಚಿತು. ನಾನು ಆಗಲೇ ಕುಷಾಯಿಗೂಡದ ಹತ್ತಿರದ ಎಲೆಕ್ಟ್ರಾನಿಕ್ಸ್ ಕಾರ್ಖಾನೆ ಸೇರಿದ್ದೆ. ಕೆಟ್ಟು ವಾಪಸು ಬಂದ ಸರ್ಕ್ಯೂಟ್ ಬೋರ್ಡುಗಳನ್ನು ಭೂತಗನ್ನಡಿಯಲ್ಲಿ ನೋಡಿ, ತಪ್ಪು ತಯಾರಿಕೆಯದೋ ಬಳಕೆಯದೋ ಎಂದು ಬರೆಯುವುದು ನನ್ನ ಕೆಲಸ. ಹತ್ತಕ್ಕೆ ಎಂಟು ಸಲ ತಪ್ಪು ಬಳಸಿದವರದೇ. ಮನೆಯ ವಿಷಯದಲ್ಲಿ ಮಾತ್ರ ನಾನು ಏನನ್ನೂ ನೋಡದೆ, ತಯಾರಿಕೆಯ ದೋಷ ಎಂದು ಸಹಿ ಹಾಕಿಬಿಟ್ಟಿದ್ದೆ. ಅದರಲ್ಲಿ ನನಗೊಂದು ಅನುಕೂಲವೂ ಇತ್ತು, ಸುಳ್ಳು ಯಾಕೆ ಹೇಳಲಿ. ರಕ್ತದಲ್ಲೇ ಇದ್ದ ಮೇಲೆ ಮಿರ್ಚಿ ಭಜಿ ಬಿಟ್ಟರೆಷ್ಟು, ಬಿಡದಿದ್ದರೆಷ್ಟು? ಹೆಂಡತಿ ಬೆಳಿಗ್ಗೆ ವಾಕಿಂಗಿಗೆ ಕರೆದರೆ, ಹಣೆಬರಹವನ್ನು ನಡೆದು ಅಳಿಸಲಾಗುವುದಿಲ್ಲ ಎಂದು ಹೇಳಿ ಮಗ್ಗುಲು ಬದಲಿಸುತ್ತಿದ್ದೆ.

ಅವ್ವನಿಗೆ ಈಗ ಎಪ್ಪತ್ತಾರು, ನಮ್ಮ ಜೊತೆಗೇ ಇದ್ದಾಳೆ. ನನಗೆ ಐವತ್ತಾದಂದಿನಿಂದ ಅವಳಿಗೊಂದು ಹೊಸ ರೂಢಿ ಹತ್ತಿತು. ಸಂಜೆ ಕಾರ್ಖಾನೆಯ ಬಸ್ಸು ಬರುವ ಹೊತ್ತಿಗೆ ಗೇಟಿನ ಬಳಿ ನಿಲ್ಲುವುದು. ಕೇಳಿದರೆ ಕರಿಬೇವು ಕೀಳುತ್ತಿದ್ದೇನೆ ಎನ್ನುವಳು. ಆ ಗಿಡದಲ್ಲಿ ಅಷ್ಟು ಎಲೆಗಳೇ ಇರಲಿಲ್ಲ. ನಾನು ತಿರುವು ದಾಟಿ ಕಾಣಿಸಿಕೊಂಡರೆ ನನ್ನ ಮುಖವನ್ನೊಮ್ಮೆ ನಿಟ್ಟಿಸಿ ನೋಡಿ, ಟಿಫಿನ್ ಡಬ್ಬಿ ಕಸಿದುಕೊಂಡು ಒಳಗೆ ಹೋಗುವಳು. ಸಿಟ್ಟು ಬರುತ್ತಿತ್ತು, ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಗುತ್ತಿತ್ತು.

ಕಳೆದ ವರ್ಷ ಕಾರ್ಖಾನೆಯ ವಾರ್ಷಿಕ ತಪಾಸಣೆಯಲ್ಲಿ ನನ್ನ ಬಿಪಿ ಏರಿತ್ತು, ಕೊಲೆಸ್ಟ್ರಾಲೂ ಹೆಚ್ಚಾಗಿತ್ತು. ಡಾಕ್ಟರು ನನ್ನ ಮಗಳಿಗಿಂತ ನಾಲ್ಕೈದು ವರ್ಷಕ್ಕೆ ದೊಡ್ಡವರಿರಬಹುದು, ತೆಲುಗಿನ ಹುಡುಗಿ. ಮನೆಯಲ್ಲಿ ಯಾರಿಗೆ ಏನೇನು ಕಾಯಿಲೆ ಇತ್ತು ಎಂದು ಕೇಳುತ್ತ ಹಾಳೆಯ ಮೇಲೆ ವಂಶದ ಚಿತ್ರ ಬರೆಯತೊಡಗಿದರು. ಗಂಡಸಿಗೆ ಚೌಕ, ಹೆಂಗಸಿಗೆ ಗುಂಡು. ಹೃದಯದ ಕಾಯಿಲೆಯಿಂದ ಹೋದವರ ಚೌಕಕ್ಕೆ ಕಪ್ಪು ತುಂಬಿದರು. ಅಜ್ಜ, ದೊಡ್ಡಪ್ಪ, ಅಪ್ಪ. ಮೂರು ಕರಿ ಚೌಕಗಳ ಕೆಳಗೆ ನನ್ನದೊಂದು ಖಾಲಿ ಚೌಕ. ಅದರ ಕೆಳಗೆ ಮಗಳ ಪುಟ್ಟ ಗುಂಡು.

"ಒಂದೇ ಮನೆಯಲ್ಲಿ ಮೂವರು, ಅದೂ ಇಷ್ಟು ಚಿಕ್ಕ ವಯಸ್ಸಿಗೆ," ಎಂದು ಅವರು ಪೆನ್ನು ಕೆಳಗಿಟ್ಟರು. "ನೀವು ಹೃದಯದ ಸ್ಕ್ಯಾನ್ ಮಾಡಿಸಲೇಬೇಕು. ಮಗಳ ರಕ್ತಪರೀಕ್ಷೆಯನ್ನೂ ಮಾಡಿಸಿಬಿಡಿ."

ನನ್ನ ವಿಷಯಕ್ಕೆ ನಾನು ಎಂದೋ ಒಗ್ಗಿಹೋಗಿದ್ದೆ. ಆದರೆ ಮಗಳು? ಆ ಪುಟ್ಟ ಗುಂಡಿನೊಳಕ್ಕೆ ನನ್ನಿಂದಲೇ ಕಪ್ಪು ಇಳಿದಿದ್ದರೆ ಎಂಬ ವಿಚಾರ ಅದುವರೆಗೆ ನನ್ನ ತಲೆಗೇ ಬಂದಿರಲಿಲ್ಲ. ಬಸ್ಸಿನಲ್ಲಿ ಕೂತು, ಡಾಕ್ಟರು ಕೊಟ್ಟ ಆ ಹಾಳೆಯನ್ನು ಮತ್ತೆ ಮತ್ತೆ ಬಿಚ್ಚಿ ನೋಡಿದೆ.

ಮನೆಗೆ ಬಂದು ಹಾಳೆಯನ್ನು ಬಚ್ಚಿಡುವಷ್ಟರಲ್ಲಿ ಅವ್ವ ಕೇಳಿದಳು. ಅವಳಿಂದ ಏನನ್ನಾದರೂ ಬಚ್ಚಿಟ್ಟು ಗೆದ್ದವರಿಲ್ಲ. ಕೊಟ್ಟೆ. ಕನ್ನಡಕ ಹಾಕಿಕೊಂಡು ಒಂದೊಂದೇ ಚೌಕದ ಮೇಲೆ ಬೆರಳಿಟ್ಟು ಇದ್ಯಾರು, ಇದ್ಯಾರು ಎಂದು ಕೇಳುತ್ತ ಹೋದಳು. ದೊಡ್ಡಪ್ಪನ ಚೌಕದ ಮೇಲೆ ಬೆರಳು ನಿಂತಿತು.

"ನಮ್ಮ ಭಾವನೋರನ್ನ ಯಾಕ ಇದರಾಗ ಹಾಕ್ಸೀದಿ?"

"ಹಾಕಬ್ಯಾಡೇನು? ಅವರೂ ಹಂಗ ಹೋಗಿಲ್ಲೇನು?"

ಮನೆಯಲ್ಲಿ ನಾವಿಬ್ಬರೇ ಇದ್ದರೂ ಅವ್ವ ದನಿ ತಗ್ಗಿಸಿದಳು. "ಅವರು ದತ್ತಕ ಬಂದವರಿದ್ರಲ್ಲೋ. ನಿಮ್ಮಜ್ಜಗ ಭಾಳ ದಿನ ಮಕ್ಕಳಾಗಲಿಲ್ಲಂತ ಆಳಂದದ ಕಡಿಂದ ತಂದಿದ್ರು. ಹತ್ತು ವರ್ಷ ಆದ ಮ್ಯಾಲೆ ನಿಮ್ಮಪ್ಪ ಹುಟ್ಟಿದ್ರು. ಬ್ಯಾರೆ ಊರು, ಬ್ಯಾರೆ ರಕ್ತ. ಅವರ ಒಡಹುಟ್ಟಿದ ತಮ್ಮಾ ಎಂಬತ್ತೈದರ ಮನಷ್ಯಾ, ಇನ್ನೂ ಹೊಲಕ್ಕ ನಡಕೊಂತ ಹೋಗ್ತಾನ."

ನನಗೆ ಗೊತ್ತಿಲ್ಲದ ಮಾತೇನಲ್ಲ. ಎಂಟು ವರ್ಷದವನಿದ್ದಾಗ ಯಾರಿಂದಲೋ ಕೇಳಿ ಬಂದು ಅಂಗಳದಲ್ಲಿ ಜೋರಾಗಿ ಅಂದಿದ್ದೆ. ಅಜ್ಜಿ ನನ್ನ ಕಿವಿ ಹಿಂಡಿ, "ಇನ್ನೊಮ್ಮೆ ಆ ಮಾತು ಬಾಯಾಗ ಬಂತಂದ್ರ ನಾಲಿಗಿಗೆ ಬರಿ ಹಾಕ್ತೀನಿ" ಎಂದಿದ್ದಳು. ಮಡಿಲಿಗೆ ಹಾಕಿಸಿಕೊಂಡ ಮಗ ಹೊಟ್ಟೆಯಲ್ಲಿ ಹುಟ್ಟಿದ ಮಗನೇ, ಬೇರೆ ಮಾತಿಲ್ಲ. ಅಲ್ಲಿಂದ ಮುಂದೆ ಮನೆಯಲ್ಲಿ ಯಾರೂ ಅದನ್ನು ಎತ್ತಲಿಲ್ಲ. ಎತ್ತದೇ ಎತ್ತದೇ ನಾನು ಮರೆತೇಬಿಟ್ಟಿದ್ದೆ. ಮಕ್ಕಳಿಲ್ಲದ ದೊಡ್ಡಪ್ಪ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಅಂಗಡಿಗೆ ಒಯ್ಯುತ್ತಿದ್ದರು. ನನ್ನ ನಡಿಗೆ, ನಗು ಥೇಟ್ ಅವರದೇ ಎಂದು ನೆಂಟರೆಲ್ಲ ಹೇಳುತ್ತಿದ್ದರು. ಡಾಕ್ಟರು ಕೇಳಿದಾಗ ಅವರನ್ನು ಬಿಟ್ಟು ಲೆಕ್ಕ ಹೇಳುವುದು ನನಗೆ ಹೊಳೆಯುವುದಾದರೂ ಹೇಗೆ?

ಮರುದಿನ ಡಾಕ್ಟರ ಬಳಿ ಹೋಗಿ ತಪ್ಪೊಪ್ಪಿಕೊಂಡೆ. ಅವರು ಮೊದಲು ನಕ್ಕರು. ಆಮೇಲೆ ದೊಡ್ಡಪ್ಪನ ಗೆರೆಯನ್ನು ಹೊಡೆದುಹಾಕಿ, "ಹಾಗಾದರೆ ಈ ಮೂವರೂ ಏನು ತಿನ್ನುತ್ತಿದ್ದರು, ಹೇಗಿರುತ್ತಿದ್ದರು, ಅದನ್ನು ಹೇಳಿ" ಎಂದರು.

ಹೇಳಿದೆ. ಬೆಳಿಗ್ಗೆ ಎಂಟಕ್ಕೆ ಗಾದಿಯ ಮೇಲೆ ಕೂತರೆ ರಾತ್ರಿ ಒಂಬತ್ತಕ್ಕೆ ಏಳುವುದು. ಬಾಯಲ್ಲಿ ಸದಾ ಜರ್ದಾ ತಂಬಾಕಿನ ಪಾನು. ಮುಸ್ಸಂಜೆಗೆ ಮನೆಯಿಂದ ಡಬ್ಬಿ ತುಂಬ ಭಜಿ, ಅದೂ ಸ್ವಂತ ಅಂಗಡಿಯ ಎಣ್ಣೆಯಲ್ಲಿ ಕರಿದದ್ದು. ಊಟಕ್ಕೆ ಮೊದಲು ಉಪ್ಪಿನಕಾಯಿ, ಊಟದ ಜೊತೆ ಹಪ್ಪಳ. ನಾಲ್ಕು ಹೆಜ್ಜೆ ದೂರದ ಗುಡಿಗೂ ರಿಕ್ಷಾ. ಹೇಳುತ್ತ ಹೇಳುತ್ತ ನನಗೇ ನಗು ಬಂತು. ಇಂಥ ಬೋರ್ಡು ನನ್ನ ಮೇಜಿಗೆ ಬಂದಿದ್ದರೆ ಭೂತಗನ್ನಡಿ ಹಿಡಿಯದೆಯೇ ಬಳಕೆಯ ದೋಷ ಎಂದು ಬರೆದು ಕಳಿಸುತ್ತಿದ್ದೆ.

"ರಕ್ತ ನಿಮ್ಮನ್ನು ಪೂರ್ತಿ ಬಿಟ್ಟಿತು ಅಂತಲ್ಲ. ಅಜ್ಜ ಮತ್ತು ಅಪ್ಪ ಇನ್ನೂ ಇಲ್ಲೇ ಇದ್ದಾರೆ," ಎಂದು ಡಾಕ್ಟರು ಹಾಳೆಯನ್ನು ತೋರಿಸಿದರು. "ಆದರೆ ಬೇರೆ ರಕ್ತದವರೂ ಅದೇ ಗಾದಿಯ ಮೇಲೆ ಕೂತು ಅದೇ ಥರ ಹೋಗಿದ್ದಾರಲ್ಲ, ಅದನ್ನು ಮರೆಯಬೇಡಿ. ರಕ್ತವನ್ನು ಬದಲಿಸಲು ನನ್ನಿಂದ ಆಗುವುದಿಲ್ಲ. ಗಾದಿಯಿಂದ ಏಳುವುದು ನಿಮ್ಮ ಕೈಯಲ್ಲಿದೆ."

ಆ ವಾರದಲ್ಲೇ ಸ್ಕ್ಯಾನ್ ಆಯಿತು. ಹೆದರುವಂಥ ಅಡಚಣೆ ಎಲ್ಲಿಯೂ ಇಲ್ಲ. ಮಗಳ ರಕ್ತವೂ ಸರಿಯಾಗಿಯೇ ಇತ್ತು. ಅವಳ ವರದಿಯನ್ನು ಮೊದಲು ಓದಿ, ದವಾಖಾನೆಯ ಮೆಟ್ಟಿಲ ಮೇಲೆ ಕೂತು ನಾನು ಅತ್ತುಬಿಟ್ಟೆ. ನನಗೆ ದಿನಕ್ಕೊಂದು ಗುಳಿಗೆ, ಒಂದು ತಾಸಿನ ನಡಿಗೆ, ಭಜಿ ವಾರಕ್ಕೊಂದೇ ಸಲ. ಇಷ್ಟೇ ಶಿಕ್ಷೆ.

ಅಂದು ಸಂಜೆ ಖುಷಿಯ ಭರದಲ್ಲಿ ಹೆಂಡತಿಗೆ ಹೇಳುತ್ತಿದ್ದೆ, "ಬರೇ ರಕ್ತದ್ದಲ್ಲ ಇದು, ತಾಟಿನಾಗಿಂದು!" ಮೂಲೆಯಲ್ಲಿ ಮೆಂತ್ಯಪಲ್ಯದ ಎಲೆ ಬಿಡಿಸುತ್ತಿದ್ದ ಅವ್ವನ ಕೈ ನಿಂತಿತು.

"ಆ ತಾಟಿಗೆ ನೀಡಿದಾಕಿ ನಾನ ಅಲ್ಲೇನೋ?" ಎಂದಳು.

ಇಪ್ಪತ್ತೈದು ವರ್ಷ ಅವಳು ರಕ್ತದ ಮೇಲೆ ಹಾಕಿ ಸಮಾಧಾನ ಮಾಡಿಕೊಂಡಿದ್ದ ಸಾವನ್ನು ನಾನು ಒಂದೇ ಮಾತಿನಲ್ಲಿ ಅವಳ ಉಡಿಗೆ ಹಾಕಿದ್ದೆ. ಹೆಂಡತಿ ನನ್ನನ್ನು ದುರುಗುಟ್ಟಿ ನೋಡಿ, ಅತ್ತೆಯ ಪಕ್ಕಕ್ಕೆ ಹೋಗಿ ಕೂತಳು.

"ಅತ್ತಿ, ಜರ್ದಾ ನೀವು ಕೊಟ್ಟೀರೇನ್ರಿ?"

"ಬಿಡ್ರಿ ಬಿಡ್ರಿ ಅಂತ ಬಾಯಿ ಹರಕೊಂಡೆ. ಕೇಳಲಿಲ್ಲ."

"ದವಾಖಾನಿಗೆ ನಡೀರಿ ಅಂದಿರಿಲ್ಲೋ?"

"ಎರಡು ಸಲ ಆಟೋ ತರಿಸಿದ್ದೆ. ಅಂಗಡಿ ಯಾರು ನೋಡ್ತಾರ ಅಂದ್ರು."

"ಮತ್ತ ಆ ಭಜಿ ನೀವೂ ತಿಂದೀರಿ, ಇವರೂ ತಿಂದಾರ."

ಭಜಿಯ ಪಾಲು ಏನೂ ಇಲ್ಲ ಎಂದು ನಾವು ಹೇಳಲಿಲ್ಲ, ಹೇಳಿದ್ದರೂ ಅವ್ವ ನಂಬುತ್ತಿರಲಿಲ್ಲ. ಆದರೆ ಯಾವ ಪಾಲು ತನ್ನದಲ್ಲ ಎಂಬುದು ಅವಳ ಬಾಯಿಂದಲೇ ಬಂದಿತ್ತು. ಅಪ್ಪನ ಫೋಟೋದ ಕಡೆ ತಿರುಗಿದಳು. "ಮೊಂಡ ಮನಷ್ಯಾ," ಎಂದು ಬೈದಳು. ಬೈದ ಮೇಲೆ ಕಣ್ಣೊರೆಸಿಕೊಂಡು ಮತ್ತೆ ಪಲ್ಯಕ್ಕೆ ಕೈ ಹಾಕಿದಳು.

ಐವತ್ತಮೂರು ತುಂಬಿದ ಮರುದಿನ ಎಂದಿನಂತೆ ಬಸ್ಸಿಳಿದು ಬಂದೆ. ತಿರುವು ದಾಟಿದರೆ ಗೇಟಿನಲ್ಲಿ ಯಾರೂ ಇಲ್ಲ. ಅವ್ವನಿಗೇ ಏನೋ ಆಗಿದೆ ಎಂದುಕೊಂಡು ಚಪ್ಪಲಿಯನ್ನೂ ಬಿಡದೆ ಒಳಗೆ ಓಡಿದೆ. ಅವಳು ಟಿವಿಯ ಮುಂದೆ ಕಾಲು ಚಾಚಿ ಕೂತಿದ್ದಳು. ನನ್ನ ಮುಖವನ್ನು ತಿರುಗಿಯೂ ನೋಡಲಿಲ್ಲ.

"ಬಂದೇನು? ಡಬ್ಬಿ ಅಲ್ಲಿಟ್ಟು ಚಹಾ ನೀನ ಮಾಡ್ಕೊ. ನನ್ನ ಧಾರಾವಾಹಿ ಮುಗದಿಲ್ಲ."