ಚನ್ನವೀರಣ್ಣನ ವಾಲ್ಯೂಮ್ ಗುಂಡಿ

ತೊಂಬತ್ತರ ದಶಕದಲ್ಲಿ ಪುಣೆಯ ಕೋಥರೂಡದ ಆರ್ಕೆಸ್ಟ್ರಾದಲ್ಲಿ ಬಾಸ್ ಗಿಟಾರ್ ನುಡಿಸುತ್ತಿದ್ದ ನಮ್ಮ ಚನ್ನವೀರಣ್ಣ, ಹಾಲಿಟ್ಟ ಒಲೆಯ ಮುಂದೆ ನಿಂತವನಂತೆ ಉಸಿರು ಹಿಡಿದು ವಾಲ್ಯೂಮ್ ಗುಂಡಿ ತಿರುಗಿಸುತ್ತಿದ್ದ. ಪೂರ್ತಿ ಎಂದೂ ಏರಿಸುತ್ತಿರಲಿಲ್ಲ. "ಮಂದಿ ಬಂದು ಕೂತ ಮ್ಯಾಲ ಬೇಕಾಗ್ತದರೀ," ಎಂದು ಖಾಲಿ ಕುರ್ಚಿಗಳಿಗೂ ಒಂದಿಷ್ಟು ಉಳಿಸುತ್ತಿದ್ದ. "ನಿಮ್ಮ ಗಿಟಾರ್ ಕೇಳಸೂದೇ ಇಲ್ಲಲ್ರೀ?" ಎಂದರೆ ಹಿಗ್ಗುತ್ತಿದ್ದ: "ಕೇಳಬಾರದ್ರೀ. ಅದು ನಿಂತರ ಗೊತ್ತಾಗಬೇಕು." ಅದನ್ನು ಪರೀಕ್ಷಿಸಲೆಂದೇ ಕಾರ್ಯಕ್ರಮಕ್ಕೆ ಮೊದಲು, ತಾಲೀಮಿನ ನಡುವೆ, ಗುಂಡಿಯನ್ನು ಮೆಲ್ಲಗೆ ಸೊನ್ನೆಗಿಳಿಸುತ್ತಿದ್ದ. ಹಾಡುತ್ತಿದ್ದವಳು ಅವನ ಹೆಂಡತಿ ಶೀತಲ್; ಗಂಡನ ಗಿಟಾರನ್ನು ಒಮ್ಮೆಯೂ ಹೊಗಳಿದವಳಲ್ಲ. ಆದರೆ ಆ ಕ್ಷಣ, ಪ್ರತಿಸಲವೂ, ಕಣ್ಣು ಮುಚ್ಚಿ ಹಾಡುತ್ತಿದ್ದವಳು ಸಾಲಿನ ನಡುವೆಯೇ ತಡೆದು, ಕತ್ತಲಲ್ಲಿ ಮೆಟ್ಟಿಲು ತಪ್ಪಿದವಳ ಹಾಗೆ, ಅವನಿದ್ದ ಕಡೆಗೆ ಕೈ ಚಾಚುತ್ತಿದ್ದಳು.