ಅತ್ತೆಯ ಕೀಬೋರ್ಡ್ ಜೋಡಿಸಿದ ಮಧ್ಯಾಹ್ನ

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಅತ್ತೆಯ ಕೀಬೋರ್ಡನ್ನು ಅಂದು ಮೂರು ಸಲ ಕಿತ್ತು ಜೋಡಿಸಿದೆನೆಂದು ನನ್ನ ನೆನಪು; ಅದೇ ಸಂಜೆ ಬರೆದ ದಿನಚರಿಯಲ್ಲಿ ಐದು ಸಲ ಎಂದಿದೆ. ಇಂಥ ಅನುಭವಗಳನ್ನು ಬೇರೆಯವರು ಹೇಳಿದಾಗ ನಾನು ನಕ್ಕವಳೇ. ಸರಿಯಾಗಿ ನೋಡಿರುವುದಿಲ್ಲ, ಆಮೇಲೆ ಕಥೆ ಕಟ್ಟಿಕೊಳ್ಳುತ್ತಾರೆ ಎನ್ನುತ್ತಿದ್ದೆ. ಈಗ ನನ್ನ ಬಗ್ಗೆಯೇ ಆ ಅನುಮಾನ.

ಎರಡು ವರ್ಷದ ಹಿಂದಿನ ಮಾತು. ನಾನು ಯಲಬುರ್ಗಾದಲ್ಲಿ ಅತಿಥಿ ಉಪನ್ಯಾಸಕಿ. ಕಾಯಂ ಹುದ್ದೆಯೊಂದಕ್ಕೆ ಆನ್‌ಲೈನ್ ಅರ್ಜಿ ಸಲ್ಲಿಸಲು ಅಂದು ಸಂಜೆ ನಾಲ್ಕು ಗಂಟೆಯೇ ಕೊನೆ. ವಯಸ್ಸಿನ ಮಿತಿ ಮುಗಿಯುತ್ತಿತ್ತು, ಮತ್ತೊಂದು ಅವಕಾಶವಿರಲಿಲ್ಲ. ಊರಲ್ಲಿ ನೆಟ್ ಕೈಕೊಟ್ಟಿದ್ದರಿಂದ ಲ್ಯಾಪ್‌ಟಾಪ್ ಹಿಡಿದು ಕೊಪ್ಪಳಕ್ಕೆ, ಅವ್ವನ ಅಣ್ಣನಾದ ಮಾಮಾನ ಮನೆಗೆ ಬಂದೆ.

ಚಹಾ ಚೆಲ್ಲಿ ಲ್ಯಾಪ್‌ಟಾಪಿನ ಏಳೆಂಟು ಗುಂಡಿಗಳು, ಪಾಸ್‌ವರ್ಡಿನವೂ ಸೇರಿ, ಸತ್ತಿದ್ದವು. ಮಾಮಾ ಕಪಾಟಿನಿಂದ ಅತ್ತೆಯ ಕೀಬೋರ್ಡ್ ತೆಗೆದುಕೊಟ್ಟರು. ಅತ್ತೆ ತೀರಿಕೊಂಡು ಆಗ ಎಂಟು ತಿಂಗಳು.

"ನಿಮ್ಮತ್ತೀದು. ಹಚ್ಚಿಕೋ. ಇದಕ್ಕೂ ಚಾ ಕುಡಿಸಬ್ಯಾಡವಾ ಮತ್ತ" ಎಂದು ನಕ್ಕು ಕಾಯಿಪಲ್ಯ ತರಲು ಹೊರಟರು.

ಹಿಂದೆಯೇ ಹೊರಗಿನಿಂದ ಬೀಗದ ಸಪ್ಪಳ. ಅತ್ತೆಗೆ ಕೊನೆಗಾಲದಲ್ಲಿ ಮರೆವು ಬಂದು, ಹೊರಬಿದ್ದರೆ ಮನೆಯ ದಾರಿ ತಿಳಿಯುತ್ತಿರಲಿಲ್ಲ. ಹಾಗಾಗಿ ಮಾಮಾ ಹೋಗುವಾಗ ಬೀಗ ಹಾಕಿಯೇ ಹೋಗುತ್ತಿದ್ದರು. ಅಂದೂ ಕೈ ತಾನಾಗಿ ಹಾಕಿತ್ತು. ಮಾಮಾಗೆ ಫೋನ್ ಮಾಡಿದೆ, ಅವರ ಫೋನು ಗೋಡೆಯ ಗೂಡಿನಲ್ಲೇ ಹೊಡೆದುಕೊಂಡಿತು.

ಇರಲಿ, ಅರ್ಜಿ ಮುಗಿಸೋಣವೆಂದು ಕುಳಿತರೆ ಪರದೆ ಲಾಕ್ ಆಗಿತ್ತು. ಕೀಬೋರ್ಡ್ ಜೋಡಿಸಿ ಪಾಸ್‌ವರ್ಡ್ ಹೊಡೆದೆ. ತಪ್ಪು ಎಂದಿತು. ಮತ್ತೆ ತಪ್ಪು. ಪಾಸ್‌ವರ್ಡ್ ತೋರಿಸುವ ಕಣ್ಣಿನ ಗುರುತು ಒತ್ತಿ, ಏನು ಮೂಡುತ್ತಿದೆ ಎಂದು ನೋಡಿದರೆ ಕನ್ನಡ ಅಕ್ಷರಗಳು, ಹಳೆಯ ಟೈಪ್‌ರೈಟರಿನ ಕ್ರಮದಲ್ಲಿ. ಅತ್ತೆ ಕೋರ್ಟಿನಲ್ಲಿ ಟೈಪಿಸ್ಟ್ ಆಗಿದ್ದವರು. ಅವರಿಗೆ ಬರುತ್ತಿದ್ದುದು ಅದೊಂದೇ ಕ್ರಮ. ಕಿತ್ತರೆ ಮೂಲೆಯಲ್ಲಿ ಇಂಗ್ಲಿಷ್ ಎಂದು ತೋರಿಸುತ್ತಿತ್ತು, ಜೋಡಿಸಿದರೆ ಕನ್ನಡ.

ನನ್ನ ಲ್ಯಾಪ್‌ಟಾಪನ್ನು ನಡೆಸುವ ಲಿನಕ್ಸ್ ತಂತ್ರಾಂಶದಲ್ಲಿ ಇದು ಅಸಾಧ್ಯವೇನಲ್ಲ. ಇಂಥ ಕೀಬೋರ್ಡ್ ಜೋಡಿಸಿದ ಕೂಡಲೇ ಇಂಥ ವಿನ್ಯಾಸಕ್ಕೆ ಬದಲಾಗು ಎಂದು ಗೊತ್ತುಮಾಡಿ ಇಡಬಹುದು. ಆದರೆ ಯಾರಾದರೂ ಅದನ್ನು ಬರೆದಿಡಬೇಕು. ನಾನು ಬರೆದಿರಲಿಲ್ಲ. ಹಿಂದಿನ ವಾರವಷ್ಟೇ ಎಲ್ಲ ಅಳಿಸಿ, ಇಂಗ್ಲಿಷ್ ಒಂದನ್ನೇ ಇಟ್ಟು, ಹೊಸದಾಗಿ ಹಾಕಿಕೊಂಡಿದ್ದೆ. ಅತ್ತೆಯ ಕೀಬೋರ್ಡ್ ಆ ಯಂತ್ರಕ್ಕೆ ಎಂದೂ ತಾಗಿರಲಿಲ್ಲ.

ಪರದೆಯ ಮೇಲೆಯೇ ಅಕ್ಷರ ಒತ್ತುವ ದಾರಿಯೊಂದಿದೆ. ಅದು ನೆನಪಾದದ್ದು ಮರುದಿನ. ಅರ್ಜಿಯ ಕಡತಗಳೆಲ್ಲ ಲ್ಯಾಪ್‌ಟಾಪಿನಲ್ಲೇ ಇದ್ದುದರಿಂದ ಫೋನಿನಿಂದ ಸಲ್ಲಿಸುವಂತೆಯೂ ಇರಲಿಲ್ಲ. ಅಂದು ಗಡಿಯಾರ ಮೂರೂವರೆ ದಾಟಿದಾಗ ಬಾಗಿಲಿಗೆ ಹೋಗಿ ಎರಡೂ ಕೈಯಿಂದ ಬಡಿದೆ. "ಬಾಗಿಲಾ ತಗೀರಿ! ಯಾರರ ಬರ್ರಿ!"

ಪಕ್ಕದ ಮನೆಯ ಮಾಬಮ್ಮ ಗೋಡೆಯಾಚೆಯಿಂದ, ಕೆಲಸ ಬಿಡದೆಯೇ ಇರಬೇಕು, ಸಮಾಧಾನದ ದನಿಯಲ್ಲಿ ಅಂದರು: "ಬರ್ತಾರ ಅಕ್ಕಾರ, ಸುಮ್ನ ಕುಂದರ್ರಿ. ನಿಮ್ಮ ಟೈಪ್ ಮಾಡ್ಕೋತ ಕುಂದರ್ರಿ."

ಒಂದು ಗಳಿಗೆಯ ಮೇಲೆ ಅವರೇ ಗಾಬರಿಯಾಗಿ, "ಯಾ ಅಲ್ಲಾ, ಒಳಗ ಯಾರದೀರಿ?" ಎಂದು ಕೂಗಿದರು. ನಾನು ಯಾರೆಂದು ಹೇಳಿ, ಮಾಮಾನನ್ನು ಕರೆಸಿ ಎಂದೆ.

ಮಾಬಮ್ಮ ಹುಡುಕಿಸಿ, ಮಾಮಾ ಬಂದು ಬೀಗ ತೆಗೆದಾಗ ನಾಲ್ಕೂಕಾಲು. ಅರ್ಜಿಯ ಗಡುವು ಮುಗಿದಿತ್ತು. ಮಾಮಾ ಹಣೆ ಬಡಿದುಕೊಂಡರು. ಅವರ ಮೇಲೆ ಸಿಟ್ಟು ಬರಲಿಲ್ಲ. ಏಕೆ ಬರಲಿಲ್ಲವೆಂದು ದಿನಚರಿಯಲ್ಲೂ ಬರೆದಿಲ್ಲ. ಬದುಕಿದ್ದಾಗ ಅತ್ತೆಯೂ ಹೀಗೇ ಬಾಗಿಲು ಬಡಿಯುತ್ತಿದ್ದರೆಂದೂ, ಅವರ ಕಂಪ್ಯೂಟರ್ ಕೆಟ್ಟುಹೋದ ಮೇಲೂ, ಯಾವುದಕ್ಕೂ ಜೋಡಿಸದ ಅದೇ ಕೀಬೋರ್ಡಿನ ಮೇಲೆ ದಿನವಿಡೀ ಕಟಕಟ ಸಪ್ಪಳ ಕೇಳುತ್ತಿತ್ತೆಂದೂ ಅಂದು ಮಾಬಮ್ಮನೇ ಹೇಳಿದ್ದು.

ಆಮೇಲೆ ಯಂತ್ರವನ್ನೆಲ್ಲ ಜಾಲಾಡಿದೆ. ಕನ್ನಡಕ್ಕೆ ಬದಲಾಗು ಎಂಬ ಸಾಲು ಎಲ್ಲೂ ಇರಲಿಲ್ಲ. ಗಂಗಾವತಿಯ ಗೆಳತಿಯ ಲ್ಯಾಪ್‌ಟಾಪಿಗೆ ಆ ಕೀಬೋರ್ಡ್ ಜೋಡಿಸಿದೆವು, ಇಂಗ್ಲಿಷ್. ನನ್ನದಕ್ಕೆ ಜೋಡಿಸಿದೆವು, ಅದೂ ಇಂಗ್ಲಿಷ್. ಗೆಳತಿ ನನ್ನ ಮುಖ ನೋಡಿದಳು, ನಾನು ಹಿಂದೆ ಬೇರೆಯವರನ್ನು ನೋಡುತ್ತಿದ್ದ ಹಾಗೆ.

ಕೀಬೋರ್ಡ್ ಹಿಂತಿರುಗಿಸಲು ಹೋದಾಗ ಮಾಮಾ ಅದನ್ನು ಪಂಚೆಯ ತುದಿಯಿಂದ ಒರೆಸುತ್ತಾ ಕುಳಿತರು. ಕೇಳಬಾರದಿತ್ತೇನೋ, ಕೇಳಿದೆ:

"ಮಾಮಾ, ನೀವು ಕೀಲಿ ಹಾಕ್ಕೊಂಡು ಹೋದ ಮ್ಯಾಲೆ ಅತ್ತಿ ಇದರಾಗ ಏನ್ ಬರೀತಿದ್ರು?"